ಮುಚ್ಚುವ ಮುನ್ನ ಒಮ್ಮೆ ನೋಡಿ: ಹೊಸ ಜೀನೋಮ್ ಜೋಡಿಸುವವರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಯುವ ಸಂಶೋಧಕರೇ, ಮಾನ್ಯ ಮಾರ್ಗದರ್ಶಕರೇ,

ಈರುಳ್ಳಿಯಲ್ಲಿ ಎಷ್ಟು ಜೀನ್‌ಗಳಿವೆ ಎಂಬ ಪ್ರಶ್ನೆಗೆ 2021ರಲ್ಲಿ ಕಂಪ್ಯೂಟರ್ ಕೊಟ್ಟ ಉತ್ತರ 5,40,925. ನೆದರ್ಲೆಂಡ್ಸ್ ವಿಜ್ಞಾನಿಗಳ ನೇತೃತ್ವದ ತಂಡವೊಂದು ಈರುಳ್ಳಿಯ ಜೀನೋಮನ್ನು ಜೋಡಿಸಿ, ಜೀನ್ ಗುರುತಿಸುವ ಸಾಫ್ಟ್‌ವೇರನ್ನು ಅದರ ಮೇಲೆ ಓಡಿಸಿದಾಗ ಬಂದ ಸಂಖ್ಯೆ ಅದು. ಮನುಷ್ಯನಲ್ಲಿ ಪ್ರೋಟೀನ್ ತಯಾರಿಸುವ ಜೀನ್‌ಗಳು 20,000 ಆಸುಪಾಸು. ಚಿತ್ರದುರ್ಗದ ಮಂಡಿಯಲ್ಲಿ ಮೂಟೆಗಟ್ಟಲೆ ಬಿದ್ದಿರುವ ಗೆಡ್ಡೆಗೆ ಅದರ ಇಪ್ಪತ್ತೇಳು ಪಟ್ಟು ಜೀನ್ ಯಾತಕ್ಕೆ? ತಂಡದವರೇ ಇದನ್ನು ನಂಬಲಿಲ್ಲ. ನಿರೀಕ್ಷೆಗಿಂತ ಬಹಳ ಹೆಚ್ಚು ಎಂದು ಅವರೇ ಬರೆದರು. ಗಿಡದ ಆರ್‌ಎನ್‌ಎ ಜತೆ ತಾಳೆ ನೋಡಿದಾಗ 47,066 ಮಾದರಿಗಳಿಗೆ ಮಾತ್ರ ಆಧಾರ ಸಿಕ್ಕಿತು.

ಮಿಕ್ಕ ಸುಮಾರು ಐದು ಲಕ್ಷ ಏನು? ಅವುಗಳಲ್ಲಿ ಬಹಳಷ್ಟು ಸತ್ತ ಜೀನ್‌ಗಳ ಪಳೆಯುಳಿಕೆ ಇರಬಹುದೆಂದು ತಂಡ ಊಹಿಸಿತು. ಅದೇ ಪ್ರಬಂಧದಲ್ಲಿ ಇನ್ನೊಂದು ಸಂಖ್ಯೆಯೂ ಇದೆ: ಈರುಳ್ಳಿಯ ಜೀನೋಮಿನ ಶೇ. 72.4ರಷ್ಟು ಭಾಗ ಪುನರಾವರ್ತಿತ ಸರಣಿ. ಇಷ್ಟೊಂದು ನಕಲುಗಳ ನಡುವೆ ನಿಜವಾದ ಜೀನನ್ನು ಬೇರ್ಪಡಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಈರುಳ್ಳಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಬೆಂಗಳೂರು, ಮೈಸೂರು, ಧಾರವಾಡ, ಮಂಗಳೂರು, ರಾಯಚೂರುಗಳಲ್ಲಿ ಒಂದು ಬೆಳೆಯದೋ ಮೀನಿನದೋ ಕೀಟದ್ದೋ ಜೀನೋಮನ್ನು ಮೊದಲ ಬಾರಿಗೆ ಜೋಡಿಸುತ್ತಿರುವ ನಿಮಗಾಗಿ ಈ ಪತ್ರ. ಹೊರದೇಶದ ಪ್ರಯೋಗಾಲಯಗಳಲ್ಲಿ ಇದೇ ಕೆಲಸದಲ್ಲಿರುವ ಕನ್ನಡದ ಹುಡುಗ ಹುಡುಗಿಯರೂ ಇದನ್ನು ತಮಗೇ ಬರೆದದ್ದೆಂದು ಓದಿಕೊಳ್ಳಬಹುದು. ಪತ್ರದ ಲೇಖಕ ಪ್ರಯೋಗಾಲಯದವನಲ್ಲ. ಜೀನೋಮ್ ಪ್ರಬಂಧಗಳನ್ನು ಓದಿ ಪತ್ರಿಕೆಗಳಿಗೆ ಬರೆಯುವವನು, ನಿಮ್ಮ ಸೆಮಿನಾರ್‌ಗಳಲ್ಲಿ ಹಿಂದಿನ ಸಾಲಿನಲ್ಲಿ ಕೂರುವವನು. ಅಲ್ಲಿ ಅವನು ಮತ್ತೆ ಮತ್ತೆ ಕಂಡದ್ದು ಇದು: ಎನ್50 ಎಷ್ಟು ಬಂತು, ಬಸ್ಕೋ ಎಷ್ಟು ಬಂತು ಎಂಬ ಜೋಡಣೆಯ ಅಳತೆಗಳಿಗೆ ಸ್ಲೈಡ್ ಮೇಲೆ ಸ್ಲೈಡ್. ನಂತರ ‘ರಿಪೀಟ್‌ಗಳನ್ನು ಮಾಸ್ಕ್ ಮಾಡಲಾಯಿತು’, ಅಂದರೆ ಪುನರಾವರ್ತಿತ ಸರಣಿಗಳನ್ನು ಜೀನ್ ಹುಡುಕುವ ಮೊದಲೇ ಮುಚ್ಚಲಾಯಿತು ಎಂಬ ಒಂದೇ ಸಾಲು, ಅಲ್ಲಿಂದ ನೇರ ಜೀನ್‌ಗಳ ಪಟ್ಟಿಗೆ ಜಿಗಿತ. ರಿಪೀಟ್ ಗುರುತಿಸಲು ಮಾದರಿ ಸರಣಿಗಳ ಯಾವ ಸಂಗ್ರಹ, ಅಂದರೆ ಯಾವ ಲೈಬ್ರರಿ ಬಳಸಿದಿರಿ ಎಂದು ಸಭೆಯಲ್ಲಿ ಯಾರಾದರೂ ಕೇಳಿದರೆ ‘ಡೀಫಾಲ್ಟ್’ ಎಂಬ ಉತ್ತರ. ಆ ಒಂದು ಸಾಲಿನ ಕೆಲಸವೇ ಮುಂದಿನ ಪಟ್ಟಿಯನ್ನು ಅರ್ಧಕ್ಕರ್ಧ ತೀರ್ಮಾನಿಸಿರುತ್ತದೆ.

ಜೀನೋಮಿನಲ್ಲಿ ಇಷ್ಟೊಂದು ನಕಲುಗಳು ಎಲ್ಲಿಂದ ಬಂದವು ಎಂಬ ಕಥೆ ಹಳೆಯದು. ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ ಬಾರ್ಬರಾ ಮೆಕ್ಲಿಂಟಾಕ್ 1940ರ ದಶಕದಲ್ಲಿ ಮೆಕ್ಕೆಜೋಳದ ಕಾಳುಗಳ ಮೇಲಿನ ಬಣ್ಣದ ಚುಕ್ಕೆಗಳನ್ನು ನೋಡುತ್ತ, ಕ್ರೋಮೋಸೋಮಿನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರುವ ತುಣುಕುಗಳಿವೆ ಎಂದು ಕಂಡುಕೊಂಡರು. 1950ರಲ್ಲಿ ಪ್ರಕಟಿಸಿದರು. ನೊಬೆಲ್ ಬಂದದ್ದು 1983ರಲ್ಲಿ. ನಡುವೆ 1968ರಲ್ಲಿ ರಾಯ್ ಬ್ರಿಟನ್ ಮತ್ತು ಡೇವಿಡ್ ಕೋನ್ ಡಿಎನ್‌ಎಯ ಎಳೆಗಳನ್ನು ಬೇರ್ಪಡಿಸಿ, ಅವು ಮತ್ತೆ ಜೋಡಿಯಾಗುವ ವೇಗವನ್ನು ಅಳೆದು, ಒಂದೇ ಸರಣಿಯ ಸಾವಿರಾರು, ಲಕ್ಷಾಂತರ ಪ್ರತಿಗಳು ಜೀನೋಮಿನಲ್ಲಿರುವುದನ್ನು ತೋರಿಸಿದರು. ಡಿಎನ್‌ಎ ಸೀಕ್ವೆನ್ಸಿಂಗ್ ಇನ್ನೂ ರೂಢಿಗೆ ಬಾರದ ಕಾಲದಲ್ಲಿ ಆದ ಕೆಲಸ ಅದು.

2001ರಲ್ಲಿ ಮಾನವ ಜೀನೋಮಿನ ಕರಡು ಹೊರಬಂದಾಗ ಅದರ ಸುಮಾರು ಶೇ. 45 ಭಾಗ ಹಾರುವ ತುಣುಕುಗಳ ಸಂತತಿ ಎಂದು ಗೊತ್ತಾಯಿತು. ಆಲು ಎಂಬ 300 ಅಕ್ಷರಗಳ ತುಣುಕೊಂದೇ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳಲ್ಲಿದೆ. ಮೆಕ್ಕೆಜೋಳದಲ್ಲಿ ಈ ಪ್ರಮಾಣ ಸುಮಾರು ಶೇ. 85, ಗೋಧಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಇನ್ನೊಂದು ತುದಿಯಲ್ಲಿ ಯುಟ್ರಿಕ್ಯುಲೇರಿಯಾ ಗಿಬ್ಬಾ ಎಂಬ ಪುಟ್ಟ ಕೀಟಭಕ್ಷಕ ಜಲಸಸ್ಯ 8.2 ಕೋಟಿ ಅಕ್ಷರಗಳಲ್ಲೇ ಸಂಸಾರ ಮುಗಿಸಿಕೊಂಡಿದೆ. ನಕಲುಗಳನ್ನು ಬಹುಪಾಲು ಹೊರಹಾಕಿಬಿಟ್ಟಿದೆ. ನಿಮ್ಮ ಮುಂದಿರುವ ಹೊಸ ಜೀವಿ ಈ ಎರಡರ ನಡುವೆ ಎಲ್ಲಿ ನಿಲ್ಲುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ.

ಈ ನಕಲುಗಳು ಜೀನೋಮ್ ಜೋಡಿಸುವಾಗಲೇ ತೊಂದರೆ ಶುರು ಮಾಡುತ್ತವೆ. ದಾಸರ ಪದಗಳ ಕಟ್ಟೊಂದನ್ನು ಯಾರೋ ಚೂರುಚೂರು ಮಾಡಿ, ಮತ್ತೆ ಜೋಡಿಸಿ ಎಂದು ಕೊಟ್ಟರೆ ಚರಣದ ಚೂರುಗಳಿಗೆ ಜಾಗ ಸಿಗುತ್ತದೆ. ಪ್ರತಿ ಚರಣದ ಕೊನೆಗೂ ಬರುವ ಪಲ್ಲವಿಯ ಚೂರು ಯಾವ ಚರಣದ್ದು ಎಂದು ಹೇಳುವುದು ಹೇಗೆ? ನೂರೈವತ್ತು ಅಕ್ಷರಗಳ ಗಿಡ್ಡ ಓದುಗಳಿಂದ ಜೋಡಿಸುವ ಸಾಫ್ಟ್‌ವೇರ್ ಇಂಥ ಕಡೆ ಹತ್ತು ಪ್ರತಿಗಳನ್ನು ಒಂದಾಗಿಸಿಬಿಡುತ್ತದೆ, ಇಲ್ಲವೇ ಅಲ್ಲೇ ಎಳೆ ಕಡಿಯುತ್ತದೆ. ಆದ್ದರಿಂದ ಗಿಡ್ಡ ಓದುಗಳ ಕರಡಿನಲ್ಲಿ ರಿಪೀಟ್ ಪ್ರಮಾಣ ಕಡಿಮೆ ಕಂಡರೆ ಅದು ಜೀವಿಯ ಗುಣವೋ ಜೋಡಣೆಯ ಗುಣವೋ ಎಂದು ಕೇಳಿಕೊಳ್ಳಬೇಕು. 2012ರಲ್ಲಿ ಬೆಂಗಳೂರಿನ ಗಣಿತ್ ಲ್ಯಾಬ್ಸ್ ತಂಡ ಬೇವಿನ ಜೀನೋಮಿನ ಮೊದಲ ಕರಡನ್ನು ಪ್ರಕಟಿಸಿದಾಗ ಬೇವಿನಲ್ಲಿ ಪುನರಾವರ್ತನೆ ಕಡಿಮೆ ಎಂದು ವರದಿ ಮಾಡಿತ್ತು. ಅಂದಿನ ಸಾಧನಗಳಲ್ಲಿ ಅದು ಹೆಮ್ಮೆಯ ಕೆಲಸವೇ. ಇಂದು ಅದೇ ಮರವನ್ನು ಎತ್ತಿಕೊಳ್ಳುವವರು ಉದ್ದನೆಯ ಓದುಗಳಿಂದ ಆ ಪ್ರಶ್ನೆಯನ್ನು ಹೊಸದಾಗಿ ಕೇಳಬೇಕು. ಮನುಷ್ಯನ ಜೀನೋಮಿಗೇ ಅದು ಆಯಿತಲ್ಲ: 2022ರಲ್ಲಿ ತುದಿಯಿಂದ ತುದಿಯವರೆಗೆ ಪೂರ್ತಿ ಓದಿದಾಗ ಸುಮಾರು 20 ಕೋಟಿ ಅಕ್ಷರಗಳು ಹೊಸದಾಗಿ ಸೇರಿದವು, ರಿಪೀಟ್ ಪ್ರಮಾಣ ಶೇ. 54ಕ್ಕೆ ಏರಿತು.

ಇನ್ನು ರಿಪೀಟ್ ಗುರುತಿಸುವ ಕೆಲಸ. ಎರಡು ದಾರಿಗಳಿವೆ ಎಂಬುದು ನಿಮಗೆ ಗೊತ್ತು. ಈಗಾಗಲೇ ತಿಳಿದಿರುವ ರಿಪೀಟ್‌ಗಳ ಸಂಗ್ರಹವಾದ ಡಿಫ್ಯಾಮ್ ಅಥವಾ ರೆಪ್‌ಬೇಸ್ ಬಳಸುವುದು ಮೊದಲನೆಯದು. ಅದನ್ನು ಹಿಡಿದು ರಿಪೀಟ್‌ಮಾಸ್ಕರ್ ನಿಮ್ಮ ಜೀನೋಮಿನಲ್ಲಿ ಹೋಲಿಕೆ ಹುಡುಕುತ್ತದೆ. ಏರಿಯನ್ ಸ್ಮಿಟ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಕಟ್ಟಿದ ಈ ಸಾಧನ ಇಂದಿಗೂ ಎಲ್ಲರ ಕಂಪ್ಯೂಟರಿನಲ್ಲಿದೆ. ಮನುಷ್ಯ, ಇಲಿ, ಹಣ್ಣುನೊಣಗಳಿಗೆ ಇದು ಚೆನ್ನಾಗಿ ನಡೆಯುತ್ತದೆ, ಅವುಗಳ ರಿಪೀಟ್‌ಗಳನ್ನು ತಜ್ಞರು ದಶಕಗಳಿಂದ ಕೈಯಾರೆ ತಿದ್ದಿಟ್ಟಿದ್ದಾರೆ. ನಿಮ್ಮ ಜೀವಿಯ ಹತ್ತಿರದ ಸಂಬಂಧಿಯೇ ಆ ಸಂಗ್ರಹದಲ್ಲಿಲ್ಲದಿದ್ದರೆ? ಹಾರುವ ತುಣುಕುಗಳು ಜೀನ್‌ಗಳಿಗಿಂತ ಬೇಗ ಬದಲಾಗುತ್ತವೆ. ಭತ್ತದ ಲೈಬ್ರರಿಯಿಂದ ಹಲಸಿನ ರಿಪೀಟ್ ಹುಡುಕಿದರೆ ಸಿಗುವುದು ಅಷ್ಟಕ್ಕಷ್ಟೇ.

ಆದ್ದರಿಂದ ಎರಡನೆಯ ದಾರಿ, ಜೀನೋಮಿನಿಂದಲೇ ಹೊಸದಾಗಿ ಹುಡುಕುವುದು. ರಿಪೀಟ್‌ಮಾಡೆಲರ್ ಈ ಕೆಲಸಕ್ಕೆ ರಿಪೀಟ್‌ಸ್ಕೌಟ್, ರೆಕಾನ್ ಎಂಬ ಹಳೆಯ ಸಾಧನಗಳನ್ನು ಒಟ್ಟಿಗೆ ದುಡಿಸುತ್ತದೆ. 2020ರ ಎರಡನೆಯ ಆವೃತ್ತಿಯಲ್ಲಿ ಎಲ್‌ಟಿಆರ್ ರೆಟ್ರೊಟ್ರಾನ್ಸ್‌ಪೋಸಾನ್‌ಗಳನ್ನು ಅವುಗಳ ರಚನೆ ನೋಡಿ ಹಿಡಿಯುವ ಭಾಗವೂ ಸೇರಿತು. ಸಸ್ಯದವರು ಇಡಿಟಿಎ ಎಂಬ ಸಾಧನ ಬಳಸುತ್ತಾರೆ. ಒಂದರ ಬೆನ್ನಿಗೆ ಒಂದು ಸಾಲುಗಟ್ಟಿ ನಿಲ್ಲುವ ಟ್ಯಾಂಡಮ್ ರಿಪೀಟ್‌ಗಳಿಗೆ ಗ್ಯಾರಿ ಬೆನ್ಸನ್ 1999ರಲ್ಲಿ ಕೊಟ್ಟ ಟಿಆರ್‌ಎಫ್ ಇದೆ. ಒಂದೆರಡು ದಿನ ಸರ್ವರ್ ಓಡಿದ ಮೇಲೆ ಕೈಗೆ ನಿಮ್ಮ ಜೀವಿಯ ಲೈಬ್ರರಿ ಎಂಬ ಒಂದು ಫೈಲು ಬರುತ್ತದೆ, ಅದರಲ್ಲಿ ಸಾವಿರಾರು ಕನ್ಸೆನ್ಸಸ್ ಸರಣಿಗಳು, ಬಹಳಷ್ಟರ ಮುಂದೆ ‘ಅನ್‌ನೋನ್’ ಎಂಬ ಹಣೆಪಟ್ಟಿ. ಹೆಚ್ಚಿನವರು ಈ ಫೈಲನ್ನು ತೆರೆದೂ ನೋಡದೆ ರಿಪೀಟ್‌ಮಾಸ್ಕರ್‌ಗೆ ಉಣಿಸುತ್ತಾರೆ.

ಅಲ್ಲಿ ನಿಲ್ಲಿ. ಈ ಪತ್ರ ಬರೆದದ್ದೇ ಆ ಒಂದು ಗಳಿಗೆಗಾಗಿ.

ಹೊಸದಾಗಿ ಹುಡುಕುವ ಸಾಧನಕ್ಕೆ ಬರುವುದು ಎಣಿಕೆ ಮಾತ್ರ. ಯಾವುದು ಹಲವು ಬಾರಿ ಬಂದಿದೆಯೋ ಅದು ಅದರ ಕಣ್ಣಿಗೆ ರಿಪೀಟ್. ಆದರೆ ಎಷ್ಟೋ ನಿಜವಾದ ಜೀನ್‌ಗಳು ಕೂಡುಕುಟುಂಬದವು. ಸಸ್ಯಗಳಲ್ಲಿ ರೋಗ ತಡೆಯುವ ಎನ್‌ಎಲ್‌ಆರ್ ಜೀನ್‌ಗಳನ್ನೇ ನೋಡಿ. ಭತ್ತದಲ್ಲಿ ಇವು ಸುಮಾರು 500, ಒಂದರ ಪಕ್ಕ ಒಂದು ಗುಂಪಾಗಿ ಕೂತಿರುತ್ತವೆ, ಒಂದನ್ನೊಂದು ಬಹಳ ಹೋಲುತ್ತವೆ. ಬೆಂಕಿ ರೋಗ ತಡೆಯುವ ಪೈ-ಬಿ, ಪೈ-ಟಾ ಜೀನ್‌ಗಳು ಇದೇ ಕುಲದವು. ಎಣಿಕೆಯ ಸಾಧನ ಇವನ್ನು ರಿಪೀಟ್ ಎಂದು ಪಟ್ಟಿಗೆ ಸೇರಿಸಿದರೆ ಮಾಸ್ಕಿಂಗ್ ಇಡೀ ಕುಲವನ್ನು ಮುಚ್ಚುತ್ತದೆ, ಜೀನ್ ಹುಡುಕುವ ಸಾಫ್ಟ್‌ವೇರ್ ಅತ್ತ ತಿರುಗಿಯೂ ನೋಡುವುದಿಲ್ಲ. ಇದು ಬರೀ ಅನುಮಾನವಲ್ಲ. ಮೊದಲೇ ರಿಪೀಟ್ ಮಾಸ್ಕ್ ಮಾಡಿದ್ದರಿಂದ ಸಸ್ಯ ಜೀನೋಮ್‌ಗಳಲ್ಲಿ ನಿರೋಧಕ ಜೀನ್‌ಗಳು ಕೈತಪ್ಪುತ್ತವೆ ಎಂದು ಫಿಲಿಪ್ ಬೇಯರ್ ಮತ್ತು ಸಂಗಡಿಗರು 2018ರಲ್ಲಿ ನೇಚರ್ ಪ್ಲಾಂಟ್ಸ್ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ರಾಗಿಗೂ ಬೆಂಕಿ ರೋಗ ಬರುತ್ತದೆ. ರಾಗಿಯಲ್ಲಿ ನಿರೋಧಕ ಜೀನ್ ಹುಡುಕುತ್ತಿರುವ ತಳಿ ವಿಜ್ಞಾನಿ ನಿಮ್ಮ ಪಟ್ಟಿಯನ್ನು ನಂಬಿ ಕೆಲಸ ಶುರು ಮಾಡುತ್ತಾರೆ. ಅದರಲ್ಲಿ ಇಲ್ಲದ್ದು ಗಿಡದಲ್ಲೂ ಇಲ್ಲ ಎಂದೇ ಅವರು ತಿಳಿಯುತ್ತಾರೆ.

ಪ್ರಾಣಿಗಳ ಕಡೆಯೂ ಹೀಗೆಯೇ. 2020ರಲ್ಲಿ ಸೋಮಶೇಖರ ಶೇಷಗಿರಿ ಅವರ ತಂಡ ಭಾರತದ ನಾಗರಹಾವಿನ ಜೀನೋಮ್ ಪ್ರಕಟಿಸಿತು. ವಿಷಗ್ರಂಥಿಯಲ್ಲಿ ಕೆಲಸ ಮಾಡುವ ಜೀನ್‌ಗಳಲ್ಲಿ 33 ಕುಟುಂಬಗಳ 139 ವಿಷದ ಜೀನ್‌ಗಳನ್ನು ಅವರು ಗುರುತಿಸಿದರು. ಮುಂದಿನ ಪೀಳಿಗೆಯ ವಿಷಮದ್ದು ತಯಾರಿಕೆಗೆ ಅದು ಆಧಾರವಾಗಬಲ್ಲ ಪಟ್ಟಿ. ವಿಷದ ಜೀನ್‌ಗಳು ನಕಲಾಗಿ ನಕಲಾಗಿಯೇ ಬೆಳೆದ ಕುಟುಂಬಗಳು. ಇನ್ನೊಂದು ಹಾವಿನ ಮೇಲೋ ಚೇಳಿನ ಮೇಲೋ ಕೆಲಸ ಮಾಡುತ್ತಿರುವವರು ಕಣ್ಣುಮುಚ್ಚಿ ಮಾಸ್ಕ್ ಮಾಡಿದರೆ ಮೊದಲು ಅಪಾಯಕ್ಕೆ ಸಿಗುವುದು ತಾವು ಹುಡುಕಲು ಹೊರಟ ಜೀನ್‌ಗಳೇ.

ಈ ಅಪಾಯದಿಂದ ತಪ್ಪಿಸಿಕೊಳ್ಳುವ ದಾರಿ ಕಷ್ಟದ್ದಲ್ಲ. ಲೈಬ್ರರಿಯ ಪ್ರತಿ ಸರಣಿಯನ್ನೂ ಸ್ವಿಸ್-ಪ್ರಾಟ್‌ನಂಥ ಚೊಕ್ಕ ಪ್ರೋಟೀನ್ ಸಂಗ್ರಹದ ಎದುರು ಬ್ಲಾಸ್ಟ್ ಮಾಡಿ. ಆ ಸಂಗ್ರಹದಿಂದ ಟ್ರಾನ್ಸ್‌ಪೋಸೇಸ್, ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್, ಇಂಟಿಗ್ರೇಸ್‌ಗಳನ್ನು ಮಾತ್ರ ಮೊದಲೇ ತೆಗೆದಿಡಿ. ಆಮೇಲೆ ಯಾವ ಸರಣಿ ಕೈನೇಸ್‌ಗೋ ಎನ್‌ಎಲ್‌ಆರ್‌ಗೋ ವಿಷದ ಪ್ರೋಟೀನಿಗೋ ಹೋಲುತ್ತದೋ ಅದನ್ನು ಲೈಬ್ರರಿಯಿಂದ ಹೊರಹಾಕಿ. ‘ಅನ್‌ನೋನ್’ ಪಟ್ಟಿಯಲ್ಲಿ ಅತಿ ಹೆಚ್ಚು ಜಾಗ ಆಕ್ರಮಿಸಿರುವ ಐವತ್ತು ಸರಣಿಗಳನ್ನಾದರೂ ಕಣ್ಣಾರೆ ನೋಡಿ. ಪ್ರತಿಯೊಂದನ್ನೂ ಜೀನೋಮಿಗೆ ಹೋಲಿಸಿ, ಸಿಕ್ಕ ಪ್ರತಿಗಳನ್ನು ಎರಡೂ ಬದಿಯ ಒಂದಿಷ್ಟು ಅಕ್ಷರಗಳ ಸಮೇತ ಎಳೆದು, ಸಾಲಾಗಿ ಹೊಂದಿಸಿದರೆ ತುಣುಕಿನ ನಿಜವಾದ ತುದಿ ಕಾಣುತ್ತದೆ. ಎಲ್‌ಟಿಆರ್ ಆಗಿದ್ದರೆ ಸಾಮಾನ್ಯವಾಗಿ ಟಿಜಿಯಿಂದ ಶುರುವಾಗಿ ಸಿಎಯಲ್ಲಿ ಮುಗಿಯುತ್ತದೆ. ಹಾರಿ ಬಂದು ಕೂತದ್ದಾದರೆ ಸಾಮಾನ್ಯವಾಗಿ ಎರಡೂ ಪಕ್ಕದಲ್ಲಿ ಅದೇ ಕೆಲವು ಅಕ್ಷರ ಇಮ್ಮಡಿಯಾಗಿರುತ್ತದೆ. ಒಂದೇ ಕುಟುಂಬವೋ ಬೇರೆಯೋ ಎಂದು ತೀರ್ಮಾನಿಸಲು ಥಾಮಸ್ ವಿಕರ್ ಮತ್ತಿತರರು 2007ರಲ್ಲಿ ಕೊಟ್ಟ 80-80-80 ಸೂತ್ರವಿದೆ: ಕನಿಷ್ಠ 80 ಅಕ್ಷರ ಉದ್ದ, ಶೇ. 80 ಹೋಲಿಕೆ, ಶೇ. 80 ವ್ಯಾಪ್ತಿ. ಬೇಸರದ ಕೆಲಸ ಹೌದು. ಆದರೆ ಇದನ್ನು ಮಾಡಿದವರಿಗೆ ತಮ್ಮ ಜೀವಿಯ ಜೀನೋಮ್ ಹೇಗೆ ಕಟ್ಟಿಕೊಂಡಿದೆ ಎಂಬುದು ಅಂಗೈ ರೇಖೆಯಷ್ಟು ಪರಿಚಯವಾಗುತ್ತದೆ. ಪ್ರಬಂಧಗಳನ್ನು ಓದುವಾಗ ಆ ವ್ಯತ್ಯಾಸ ದೂರದಿಂದಲೇ ತಿಳಿಯುತ್ತದೆ.

ಹಾಗೆಂದು ಮುಚ್ಚದೇ ಬಿಡುವುದೂ ಸಲ್ಲದು. ಮನುಷ್ಯನಲ್ಲಿರುವ ಲೈನ್-1 ತುಣುಕಿನ ಪೂರ್ಣ ಪ್ರತಿ 6,000 ಅಕ್ಷರ ಉದ್ದ, ಅದಕ್ಕೆ ತನ್ನದೇ ಪ್ರೋಟೀನ್‌ಗಳಿವೆ. ಮಾಸ್ಕ್ ಮಾಡದಿದ್ದರೆ ಸಾಫ್ಟ್‌ವೇರ್ ಅವನ್ನೂ ಜೀನ್ ಎಂದು ಎಣಿಸುತ್ತದೆ, ಪಕ್ಕದ ನಿಜವಾದ ಜೀನಿನ ಎಕ್ಸಾನ್‌ಗೆ ಅವನ್ನು ಹೊಲಿದುಬಿಡುವುದೂ ಉಂಟು. ನಮ್ಮ ರಾಗಿಯ ಲೆಕ್ಕವನ್ನೇ ನೋಡಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಅವರ ತಂಡ 2017ರಲ್ಲಿ ಎಂಎಲ್-365 ತಳಿಯ ಜೀನೋಮ್ ಪ್ರಕಟಿಸಿದಾಗ ಎಣಿಸಿದ ಜೀನ್‌ಗಳು 85,243. ಮರುವರ್ಷ ಇನ್ನೊಂದು ತಂಡ ಪಿಆರ್-202 ತಳಿಯಲ್ಲಿ ಎಣಿಸಿದ್ದು 62,348. ಎರಡೂ ರಾಗಿಯೇ. ಅಂತರ ಪೂರ್ತಿ ಮಾಸ್ಕಿಂಗಿನದು ಎಂದು ಹೇಳುವುದು ಅನ್ಯಾಯವಾದೀತು. ಓದಿದ ಯಂತ್ರ ಬೇರೆ, ಜೋಡಿಸಿದ ವಿಧಾನ ಬೇರೆ, ರಾಗಿಯೋ ಎರಡು ಪೂರ್ವಜರ ಜೀನೋಮ್‌ಗಳನ್ನು ಒಟ್ಟಿಗೆ ಹೊತ್ತ ಗಿಡ. ಆದರೂ ಇಪ್ಪತ್ತು ಸಾವಿರಕ್ಕೂ ಮೀರಿದ ಈ ವ್ಯತ್ಯಾಸವನ್ನು ಬಿಡಿಸಬೇಕಾದವರಿಗೆ ಇಬ್ಬರೂ ಏನನ್ನು ಯಾವ ಲೈಬ್ರರಿಯಿಂದ ಮುಚ್ಚಿದರು ಎಂಬುದು ಮೊದಲು ಬೇಕಾಗುವ ಮಾಹಿತಿ.

ಮುಚ್ಚುವ ಬಗೆಯ ಬಗ್ಗೆ ಒಂದು ಮಾತು. ಹಾರ್ಡ್ ಮಾಸ್ಕಿಂಗ್‌ನಲ್ಲಿ ರಿಪೀಟ್ ಇದ್ದ ಜಾಗದಲ್ಲೆಲ್ಲ ‘ಎನ್’ ಅಕ್ಷರ ತುಂಬುತ್ತದೆ. ಅಲ್ಲಿದ್ದದ್ದು ಹೋಯಿತು. ಸಾಫ್ಟ್ ಮಾಸ್ಕಿಂಗ್‌ನಲ್ಲಿ ಅದೇ ಅಕ್ಷರಗಳು ಸಣ್ಣಕ್ಷರಗಳಾಗುತ್ತವೆ, ಅಷ್ಟೇ. ಹೋಲಿಕೆ ಹುಡುಕುವ ಸಾಧನ ಅಲ್ಲಿಂದ ಶುರು ಮಾಡುವುದಿಲ್ಲ, ಆದರೆ ಪಕ್ಕದಿಂದ ಬಂದ ಹೋಲಿಕೆ ಅದರೊಳಕ್ಕೆ ಮುಂದುವರಿಯಬಹುದು. ಜೀನ್ ಹುಡುಕುವ ಬ್ರೇಕರ್, ಅಗಸ್ಟಸ್‌ಗಳಿಗೆ ಸಾಫ್ಟ್ ಮಾಸ್ಕ್ ಮಾಡಿದ ಜೀನೋಮ್ ಕೊಡುವುದೇ ರೂಢಿ. ಜೀನಿನ ಒಳಗೂ ರಿಪೀಟ್ ಇರಬಹುದು: ಹಂಟಿಂಗ್ಟನ್ ರೋಗದ ಜೀನಿನಲ್ಲಿ ಸಿಎಜಿ ಎಂಬ ಮೂರಕ್ಷರ ಸಾಲಾಗಿ ಮರುಕಳಿಸುವುದು ಎಕ್ಸಾನಿನ ಒಳಗೇ. ಅಂಥ ಸರಳ ರಿಪೀಟ್‌ಗಳನ್ನೂ ‘ಎನ್’ ಮಾಡಿಬಿಟ್ಟರೆ ಜೀನಿನ ನಡುವೆಯೇ ತೂತು ಬೀಳುತ್ತದೆ. ರಿಪೀಟ್‌ಮಾಸ್ಕರ್ ತಾನಾಗಿ ಮಾಡುವುದು ಹಾರ್ಡ್ ಮಾಸ್ಕಿಂಗ್, ಸಣ್ಣಕ್ಷರ ಬೇಕೆಂದರೆ ನೀವೇ ಹೇಳಬೇಕು. ‘ಡೀಫಾಲ್ಟ್’ ಎಂದು ಉತ್ತರಿಸುವವರು ಇಷ್ಟನ್ನಾದರೂ ನೆನಪಿಡಬೇಕು.

ಇನ್ನು ಮುಚ್ಚಿದ ಭಾಗವನ್ನು ಹಾಗೇ ಮರೆಯುವ ಚಾಳಿ. ಜೀವಿಯ ಗುಣಗಳ ಕಥೆ ಆ ಭಾಗದಲ್ಲೂ ಅಡಗಿರಬಹುದು. ಮೆಂಡೆಲ್ ಎಣಿಸಿದ ಸುಕ್ಕು ಬಟಾಣಿ ಸುಕ್ಕಾದದ್ದೇಕೆ ಎಂಬುದು 1990ರಲ್ಲಿ ಗೊತ್ತಾಯಿತು: ಪಿಷ್ಟದ ಕವಲು ಕಟ್ಟುವ ಕಿಣ್ವದ ಜೀನಿನೊಳಗೆ ಸುಮಾರು 800 ಅಕ್ಷರಗಳ ಹಾರುವ ತುಣುಕೊಂದು ಬಂದು ಕೂತಿತ್ತು. ವಿಜಯಪುರದ ಒಣದ್ರಾಕ್ಷಿ ಯಾವ ಬಿಳಿ ದ್ರಾಕ್ಷಿಯಿಂದ ಆಗುತ್ತದೋ ಅಂಥ ತಳಿಗಳು ಕಪ್ಪು ಬಣ್ಣ ಕಳೆದುಕೊಂಡ ಕಥೆಯಲ್ಲೂ ಗ್ರೆಟ್1 ಎಂಬ ರೆಟ್ರೊಟ್ರಾನ್ಸ್‌ಪೋಸಾನ್ ಇದೆ. ಜಪಾನಿನ ತಂಡ ಅದನ್ನು 2004ರಲ್ಲಿ ಬಯಲಿಗೆ ತಂದಿತು. ಇಂಗ್ಲೆಂಡಿನ ಕಪ್ಪು ಪತಂಗದ ಹಿಂದೆಯೂ ಇಂಥದೇ ತುಣುಕು ಎಂದು 2016ರಲ್ಲಿ ತಿಳಿಯಿತು. ರಿಪೀಟ್‌ಗಳನ್ನು ಮುಚ್ಚಿದ ಮೇಲೂ ಅವುಗಳ ನಕ್ಷೆ ಕೈಲಿ ಇಟ್ಟುಕೊಂಡವರಿಗೆ ಇಂಥ ಫಲ ಸಿಕ್ಕೀತು.

ಮಾರ್ಗದರ್ಶಕರಲ್ಲಿ ಒಂದು ವಿನಂತಿ. ವಿದ್ಯಾರ್ಥಿಯ ವೇಳಾಪಟ್ಟಿಯಲ್ಲಿ ಲೈಬ್ರರಿ ತಿದ್ದುವುದಕ್ಕೆ ಒಂದು ತಿಂಗಳು ಬರೆದುಕೊಡಿ, ಅದನ್ನು ಪ್ರಬಂಧದ ಒಂದು ಅಧ್ಯಾಯವೆಂದು ಒಪ್ಪಿ. ಸರ್ವರ್ ಸಮಯವನ್ನು ಜೋಡಣೆಗೆ ಕೊಟ್ಟಷ್ಟೇ ಉದಾರವಾಗಿ ಇದಕ್ಕೂ ಕೊಡಿ. ಪರೀಕ್ಷಕರಾಗಿ ಕೂತಾಗ ಜೀನ್ ಸಂಖ್ಯೆ ಕೇಳುವ ಮೊದಲು ಲೈಬ್ರರಿಯ ಆವೃತ್ತಿ ಕೇಳಿ. ‘ನಮ್ಮ ಗಿಡದಲ್ಲಿ ರಿಪೀಟ್ ಶೇ. 60, ನೆರೆಯ ಗಿಡದಲ್ಲಿ ಶೇ. 45’ ಎಂದು ಪಟ್ಟಿ ತೋರಿಸಿದರೆ, ಎರಡನ್ನೂ ಒಂದೇ ಸಾಧನ, ಒಂದೇ ಲೈಬ್ರರಿಯಿಂದ ಅಳೆದಿರಾ ಎಂದು ದಯವಿಟ್ಟು ಕೇಳಿ. ಹೆಚ್ಚಿನ ಸಲ ಅಳೆದಿರುವುದಿಲ್ಲ. ಆಗ ಆ ಹೋಲಿಕೆಗೆ ಅರ್ಥವಿಲ್ಲ.

ವಿದ್ಯಾರ್ಥಿಗಳಲ್ಲಿ ಇನ್ನೊಂದು. ಜೀನೋಮನ್ನು ಸಾರ್ವಜನಿಕ ಸಂಗ್ರಹಕ್ಕೆ ಸೇರಿಸುವಾಗ ಮಾಸ್ಕ್ ಮಾಡಿದ ಪ್ರತಿಯ ಜತೆ ಲೈಬ್ರರಿಯ ಫೈಲನ್ನೂ, ರಿಪೀಟ್‌ಗಳ ಜಾಗ ಹೇಳುವ ಫೈಲನ್ನೂ, ಬಳಸಿದ ಆಜ್ಞೆಗಳನ್ನೂ ಸೇರಿಸಿ. ರೆಪ್‌ಬೇಸ್ ಈಗ ಚಂದಾದಾರರಿಗೆ ಮಾತ್ರ. ಡಿಫ್ಯಾಮ್ ಎಲ್ಲರಿಗೂ ತೆರೆದಿದೆ, ಹೊರಗಿನವರು ಕೊಡುವ ಲೈಬ್ರರಿಗಳನ್ನು ಸ್ವೀಕರಿಸುತ್ತದೆ. ಪಶ್ಚಿಮ ಘಟ್ಟದ ಕಪ್ಪೆಯದೋ ಸಿರಿಧಾನ್ಯದ್ದೋ ರಿಪೀಟ್‌ಗಳನ್ನು ನೀವು ತಿದ್ದಿ ಅಲ್ಲಿಟ್ಟರೆ, ಮುಂದೆ ಅದರ ಸಂಬಂಧಿ ಜೀವಿಯ ಜೀನೋಮ್ ಕೈಗೆತ್ತಿಕೊಳ್ಳುವವರು ಸೊನ್ನೆಯಿಂದ ಶುರು ಮಾಡಬೇಕಾಗುವುದಿಲ್ಲ. ಈಗಾಗಲೇ ಜೀನೋಮ್ ಪ್ರಕಟಿಸಿ ಮುಗಿಸಿದವರ ಹಳೆಯ ಹಾರ್ಡ್ ಡಿಸ್ಕಿನಲ್ಲೂ ಆ ಲೈಬ್ರರಿ ಫೈಲು ಇದ್ದೀತು. ಹುಡುಕಿ, ಈ ವರ್ಷವೇ ಕಳಿಸಿಕೊಡಿ.

ಇಂತಿ,
ವಿಶ್ವಾಸಪೂರ್ವಕವಾಗಿ,
ಒಬ್ಬ ವಿಜ್ಞಾನ ಲೇಖಕ
ಬೆಂಗಳೂರು